ಅಣ್ಣಯ್ಯನ ಎತ್ತರಕ್ಕೆ

ಇವತ್ತು ಬೆಳಿಗ್ಗೆ ಅಂಗಡಿಯ ಅಟ್ಟದಿಂದ ಜಮಖಾನ ಇಳಿಸುವಾಗ ಹಳೆಯ ಸಿಂಬೆಯೊಂದು ಕೆಳಗೆ ಬಿತ್ತು. ಹೊರೆ ಹೊರುವಾಗ ಹೆಗಲಿಗೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. ಬೆವರು, ಸಾರಿನ ಒಗ್ಗರಣೆ, ಅದರ ಮೇಲೆ ನೀಲಗಿರಿ ಎಣ್ಣೆ, ಎಲ್ಲ ಸೇರಿದ ಒಂದು ವಾಸನೆ. ನಿಮಗಾದರೆ ಎತ್ತಿ ಆಚೆ ಎಸೆಯೋಣ ಅನ್ನಿಸುತ್ತಿತ್ತು. ನಾನು ಅದನ್ನು ಹಿಡಿದುಕೊಂಡು ಏಣಿಯ ಬುಡದಲ್ಲಿ ಕೂತುಬಿಟ್ಟೆ.

ಹೊಳೆನರಸೀಪುರದಲ್ಲಿ ನನ್ನದು ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಅಣ್ಣಯ್ಯನ ಜೊತೆ ಈ ಕೆಲಸಕ್ಕೆ ಬಿದ್ದವನು. ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಎಷ್ಟು ಮದುವೆಗೆ ನೆರಳು ಮಾಡಿದ್ದೇವೋ ಅಷ್ಟೇ ಸಾವಿಗೂ ಮಾಡಿದ್ದೇವೆ. ಅಲ್ಲಿ ಬಣ್ಣದ ಬಟ್ಟೆ, ಇಲ್ಲಿ ಬಿಳಿ, ಕಂಬ ಮಾತ್ರ ಅವೇ ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿಕೊಂಡು ತಿರುಗುತ್ತಿದ್ದೆ.

ಸಾರು ತುಂಬಿದ ಕೊಪ್ಪರಿಗೆಯನ್ನು ಒಲೆಯಿಂದ ಪಂಕ್ತಿಯ ಹತ್ತಿರ ಸಾಗಿಸುವುದು ನಮ್ಮಿಬ್ಬರದೇ ಕೆಲಸ. ಅದಕ್ಕೆ ಬೇರೆಯವರನ್ನು ಅಣ್ಣಯ್ಯ ನಂಬುತ್ತಿರಲಿಲ್ಲ. ಬಿದಿರ ಗಳಕ್ಕೆ ಕೊಪ್ಪರಿಗೆ ತೂಗುಹಾಕಿ ಮುಂದೆ ನಾನು, ಹಿಂದೆ ಅವನು. ನಾನು ಉದ್ದ, ಅವನು ಗಿಡ್ಡ. ನಾನು ನೆಟ್ಟಗೆ ನಡೆದರೆ ಕೊಪ್ಪರಿಗೆ ಜಾರಿ ಕುದಿಯುವ ಸಾರು ಅವನ ಎದೆಗೇ ಬರುತ್ತಿತ್ತು. ಅದಕ್ಕೆ ಬಲ ಹೆಗಲನ್ನು ಅವನ ಎತ್ತರಕ್ಕೆ ಇಳಿಸಿ ನಡೆಯುತ್ತಿದ್ದೆ. "ಇನ್ನೊಸಿ ಇಳಿಸ್ಲಾ, ನಾನೇನ್ ಏಣಿ ಮ್ಯಾಲೆ ನಡ್ಕಂಡ್ ಬರ್ಲಾ?" ಎಂದು ಹಿಂದಿನಿಂದ ಬೈಯುತ್ತಿದ್ದ.

ಅಣ್ಣಯ್ಯ ಎದೆನೋವು ಬಂದು ತೀರಿಹೋದಾಗ ಹಳೇಕೋಟೆಯ ಅವನ ಮನೆ ಮುಂದೆ ಬಿಳಿ ಶಾಮಿಯಾನ ಹಾಕಿದವನು ನಾನೇ. ನಮ್ಮ ಮನೆಯ ಸಾವಿಗೆ ಬೇರೆ ಅಂಗಡಿಯವರು ಬಂದು ಹಾಕುವುದುಂಟೇ? ಕುರ್ಚಿ ಜೋಡಿಸಿದೆ, ಬಂದವರಿಗೆ ನೀರು ಕೊಡಿಸಿದೆ, ತಿಥಿಯ ದಿನ ಬಡಿಸಲು ನಿಂತೆ, ಸಂಜೆ ಎಲ್ಲ ಬಿಚ್ಚಿ ಗಾಡಿಗೆ ತುಂಬಿದೆ. ಕಣ್ಣಲ್ಲಿ ಒಂದು ಹನಿ ಇಲ್ಲ. ಗಟ್ಟಿ ಆಳು ಎಂದು ಜನ ಅಂದದ್ದು ಕಿವಿಗೆ ಹಿತವಾಗಿತ್ತು. ಅತ್ತಿಗೆ ಮಾತ್ರ, ಗಾಡಿ ಹೊರಡುವಾಗ ಬಾಗಿಲಲ್ಲಿ ನಿಂತು ಅಂದರು: "ಕೂಲಿಗ್ ಬಂದೋನಂಗೆ ಬಂದೆ, ಬಿಚ್ಕಂಡ್ ಹೊಂಟೆಯಲ್ಲಪ್ಪ."

ಆಮೇಲೆ ಆ ಮನೆಗೆ ಹೋಗುವುದನ್ನೇ ಬಿಟ್ಟೆ.

ವರ್ಷ ತುಂಬುವ ಹೊತ್ತಿಗೆ ಬಲ ಹೆಗಲು ಹಿಡಿದುಕೊಂಡಿತು. ಉಳುಕು ಅಂದುಕೊಂಡು ದುದ್ದದಲ್ಲಿ ಉಳುಕು ತೆಗೆಯುವವರ ಕೈಗೆ ಕೊಟ್ಟೆ, ಶೀಸೆಗಟ್ಟಲೆ ಎಣ್ಣೆ ತಿಕ್ಕಿಸಿದೆ. ಅಂಗಿ ತೊಡಲು ಹೆಂಡತಿಯ ಕೈ ಬೇಕಾಯಿತು. ಯಾರಾದರೂ ನೋಡಿಯಾರು ಎಂದು ಬಾಗಿಲು ಹಾಕಿಸುತ್ತಿದ್ದೆ. ಕೊನೆಗೆ ಅವಳೇ ಹಾಸನಕ್ಕೆ ಎಳೆದುಕೊಂಡು ಹೋದಳು.

ಅಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ತಿಕ್ಕಲಿಲ್ಲ, ಎಳೆಯಲಿಲ್ಲ. ಕಣ್ಣು ಮುಚ್ಚಿ ಸುಮ್ಮನೆ ನಿಂತು, ಪಾದದಿಂದ ಮೇಲಕ್ಕೆ ಒಂದೊಂದೇ ಕಡೆ ಗಮನ ಇಟ್ಟು, ಎಲ್ಲಿ ಬಿಗಿ ಇದೆ ಹೇಳಿ ಅಂದರು. ಶಾಲೆ ಬಿಟ್ಟು ಓಡಿಬಂದವನಿಗೆ ಈ ವಯಸ್ಸಿನಲ್ಲಿ ನಿಂತುಕೊಳ್ಳುವ ಪಾಠ! ಆದರೂ ನಿಂತೆ. ಉಸಿರು ನಿಧಾನವಾಯಿತು. ಹೆಗಲ ಹತ್ತಿರ ಬಂದಾಗ ಅವರು ಕೇಳಿದರು: "ಈ ಹೆಗಲು ಯಾಕೆ ಬಗ್ಗಿಸಿದೀರಿ? ನೀವೇ ಕೆಳಗೆ ಒತ್ತಿ ಹಿಡ್ಕೊಂಡಿದೀರಿ ನೋಡಿ."

ಯೋಚನೆಯಿಲ್ಲದೆ ಬಾಯಿಂದ ಬಂತು. "ಅಣ್ಣಯ್ಯ ಕುಳ್ಳ ಕಣಮ್ಮ. ಎತ್ತುದ್ರೆ ಅವನ್ ಕಡೀಕ್ ಜಾರ್ತದೆ."

ಹೇಳಿದ್ದು ನನ್ನ ಕಿವಿಗೇ ಬಿತ್ತು. ಹೆಗಲ ಮೇಲೆ ಗಳ ಇರಲಿಲ್ಲ. ಹಿಂದೆ ಯಾರೂ ಇರಲಿಲ್ಲ. ಆಮೇಲೆ ಅತ್ತದ್ದನ್ನು ಹೇಗೆ ಬರೆಯಲಿ? ಪರದೆಯಾಚೆ ಕಾಯುತ್ತಿದ್ದ ಹೆಂಗಸರಿಗೆಲ್ಲ ಕೇಳುವಂತೆ, ಮೂಗು ಬಾಯಿ ಒಂದು ಮಾಡಿಕೊಂಡು ಅತ್ತೆ. ಹೊರಗೆ ಬರುವಾಗ ಅವರ ಮುಖ ನೋಡಲಾಗಲಿಲ್ಲ. ಬಸ್ಸಿನಲ್ಲಿ ಹೆಂಡತಿ ಕಿಟಕಿ ಕಡೆಯ ಸೀಟು ಬಿಟ್ಟುಕೊಟ್ಟಳು, ಅದೊಂದು ಉಪಕಾರ.

ಹೆಗಲೇನೂ ಆ ದಿನವೇ ಬಿಡಲಿಲ್ಲ. ಈಗಲೂ ಬೆಳಿಗ್ಗೆ ಕಣ್ಣು ಮುಚ್ಚಿ ನಿಲ್ಲುತ್ತೇನೆ. ಹೆಗಲು ಇಳಿದಿದೆ ಎಂದು ತಿಳಿದರೆ ಸಾಕು, ಮೆಲ್ಲಗೆ ತಾನೇ ಮೇಲೆ ಬರುತ್ತದೆ. ಅದು ಮೇಲೆ ಬಂದಾಗೆಲ್ಲ, ಗಳದ ಆ ತುದಿಯಲ್ಲಿ ಅಣ್ಣಯ್ಯನೊಬ್ಬನನ್ನೇ ಬಿಟ್ಟು ಬಂದ ಹಾಗೆ ನಾಚಿಕೆಯಾಗುತ್ತದೆ.

ಇವತ್ತು ಜಮಖಾನ ಅಲ್ಲೇ ಬಿಟ್ಟು ಹಳೇಕೋಟೆಗೆ ಹೋದೆ. ಅತ್ತಿಗೆ ಜಗುಲಿಯಲ್ಲಿ ರಾಗಿ ಕೇರುತ್ತಿದ್ದರು. ಕಣ್ಣೆತ್ತದೆ ಕ್ಷೇಮ ಕೇಳಿದರು. ಎದುರು ಕೂತು, ಹಾಸನದಲ್ಲಿ ನಡೆದದ್ದನ್ನು ನೆಲ ನೋಡಿಕೊಂಡು ಹೇಳಿದೆ, ಡಾಕ್ಟರಮ್ಮನಿಗೆ ಅಂದ ಮಾತನ್ನೂ ಬಿಡದೆ. ಮೊರ ನಿಂತಿತು.

"ಕುಳ್ಳ ಅಂದ್ಯಾ?" ಅಂದರು ಅತ್ತಿಗೆ. "ನಿಮ್ಮಣ್ಣ ಕೇಳುಸ್ಕಂಡಿದ್ರೆ ಬುಡ್ತಿದ್ರಾ ನಿನ್ನ?"

ನಗಲು ಹೋದರು, ಆಗಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡರು. ನನಗೂ ಒತ್ತರಿಸಿ ಬಂತು. ಡೈರಿಗೆ ಹಾಲು ಒಯ್ಯುವವರು ಬೀದಿಯಲ್ಲಿ ನಿಂತು ನೋಡುತ್ತಿದ್ದರು. ಕಿವಿಯೆಲ್ಲ ಬಿಸಿಯಾಯಿತು. ಎದ್ದು ಪಕ್ಕದಲ್ಲಿದ್ದ ರಾಗಿ ಚೀಲವನ್ನಾದರೂ ಒಳಗಿಡೋಣ ಅನ್ನಿಸಿತು. ಕಾಲು ಆಗಲೇ ಏಳಲು ಹೊರಟಿರುವುದು ತಿಳಿಯಿತು.

ಏಳಲಿಲ್ಲ. ಅತ್ತಿಗೆಯ ಎದುರು ಕೂತೇ ಅತ್ತೆ.