ಲಗ್ನಪತ್ರಿಕೆಯಲ್ಲಿ ತೀರಿಕೊಂಡ ಅಣ್ಣ

ಹೊನ್ನಾಳಿ ಬಸ್ ನಿಲ್ದಾಣದ ಹಿಂದೆ ಸಂಧ್ಯಾರಾಣಿಯ ಡಿಟಿಪಿ ಅಂಗಡಿ. ಲಗ್ನಪತ್ರಿಕೆಯಾಗಲಿ, ಗೃಹಪ್ರವೇಶದ ಕಾರ್ಡಾಗಲಿ, ಆಕೆ ಹೊಸದಾಗಿ ಟೈಪ್ ಮಾಡಿದವಳೇ ಅಲ್ಲ. ಬಿಸಿಎ ಓದುವಾಗ ಬರೆದ ಸಣ್ಣ ಪ್ರೋಗ್ರಾಂ ಒಂದಿತ್ತು. ಹಳೆಯ ಪತ್ರಿಕೆಯನ್ನು ಅದಕ್ಕೆ ಕೊಟ್ಟು, ಈ ಹೆಸರು ತೆಗೆದು ಆ ಹೆಸರು ಹಾಕು ಎಂದರೆ ಮುಗಿಯಿತು. ಇದ್ದಲ್ಲೆಲ್ಲ ಹೆಸರು ಬದಲಾಗಿ ಹೊಸ ಮದುವೆ ತಯಾರು. ತಾಲ್ಲೂಕಿನ ಅರ್ಧ ಮದುವೆಗಳು ಒಂದೇ ಫೈಲಿನಿಂದ ನಡೆದಿದ್ದವು. ಯಾರಿಗೂ ಗೊತ್ತಾಗಿರಲಿಲ್ಲ. ಲಗ್ನಪತ್ರಿಕೆಯಲ್ಲಿ ಜನ ಓದುವುದು ತಮ್ಮ ಹೆಸರನ್ನು, ಆಮೇಲೆ ಊಟ ಎಲ್ಲಿ ಎಂಬುದನ್ನು.

ಆಕೆಯದೇ ಮದುವೆ ಬಂತು. ಅಣ್ಣ ಮರುಳಪ್ಪನಿಗೆ ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ. ತಂಗಿಯನ್ನು ಅಲ್ಲಿಯ ಗೆಳೆಯನ ಮನೆಗೆ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದ. ತಂಗಿ ಜಗಳೂರಿನ ಮೇಷ್ಟ್ರು ವಿನಯ್ ಕುಮಾರನೇ ಬೇಕೆಂದಳು. "ನಿನ್ನ ಪಾಲಿಗೆ ನಾನು ಸತ್ತೆ ಅಂತ ತಿಳ್ಕ" ಎಂದು ಎದ್ದು ಹೋದವನು ಎರಡು ವರ್ಷ ಆಕೆಯ ಫೋನು ಎತ್ತಲಿಲ್ಲ. ಅಪ್ಪ ಇಲ್ಲದ ಮನೆಯಲ್ಲಿ ಧಾರೆ ಎರೆಯಬೇಕಾದವನು ಅವನೇ. ಬೇರೆ ಯಾರು ಎರೆದರೂ ಆಕೆಯ ಮನಸ್ಸು ಒಪ್ಪುವಂತಿರಲಿಲ್ಲ.

"ಕರೆಯೋರ ಪೈಕಿ ಅವ್ನ ಹೆಸರೇ ಮೊದ್ಲು ಇರ್ಲಿ," ಎಂದಳು ತಾಯಿ ಕಸ್ತೂರಮ್ಮ. "ನೋಡಿದ್ರಾದ್ರೂ ಕರಗ್ತಾನೆ."

ಸಂಧ್ಯಾರಾಣಿ ಅಕ್ಕನ ಮದುವೆಯ ಫೈಲ್ ತೆರೆದಳು. ಆಗ ಅಜ್ಜ ಬದುಕಿದ್ದರು, ಪತ್ರಿಕೆಯಲ್ಲಿ ಶ್ರೀ ಮರುಳಪ್ಪ ಆಗಿದ್ದರು. ಈಗ ಇಲ್ಲ. ತೀರಿಕೊಂಡವರ ಹೆಸರಿಗೆ 'ಲಿಂ.' ಎಂದು ಸೇರಿಸುವುದು ಅವರ ಪದ್ಧತಿ. 'ಶ್ರೀ ಮರುಳಪ್ಪ' ಇದ್ದಲ್ಲೆಲ್ಲ 'ಲಿಂ. ಮರುಳಪ್ಪ' ಹಾಕು ಎಂದು ಗುಂಡಿ ಒತ್ತಿದಳು. ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರಿಡುವುದೂ ಅದೇ ಮನೆಯ ಪದ್ಧತಿ ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಪ್ರೋಗ್ರಾಂ ಚಾಚೂ ತಪ್ಪದೆ ಇಬ್ಬರನ್ನೂ ಕಳಿಸಿಕೊಟ್ಟಿತು. "ಪ್ರೂಫ್ ಸರಿಯಾಗಿ ನೋಡ್ರಿ, ಆಮೇಲೆ ನನ್ನ ಬೈಬ್ಯಾಡ್ರಿ" ಎಂದು ಗಿರಾಕಿಗಳಿಗೆಲ್ಲ ಬುದ್ಧಿ ಹೇಳುವವಳು ತನ್ನ ಪ್ರೂಫ್ ನೋಡಲಿಲ್ಲ. ಕಾರ್ಡು ಊರೂರಿಗೆ ಹೋಯಿತು. ಅಣ್ಣನದನ್ನು ಚನ್ನಗಿರಿಗೆ ಹೊರಟಿದ್ದವರೊಬ್ಬರ ಕೈಯಲ್ಲಿ ಕಳಿಸಿದ್ದಳು.

ಆಮೇಲೆ ನಡೆದದ್ದು ಆಕೆಯ ಕಿವಿಗೂ ಬಿತ್ತು. ಉಬ್ರಾಣಿಯ ರೈತನೊಬ್ಬ ಹಾರ ಹಿಡಿದು ಅಣ್ಣನ ಅಡಿಕೆ ಅಂಗಡಿಗೆ ಬಂದು, ಗಲ್ಲಾದ ಮುಂದೆ ಕೂತ ಮರುಳಪ್ಪನನ್ನೇ ಕಂಡು, ಏನು ಮಾಡಲೂ ತೋಚದೆ ದೇವರ ಫೋಟೋಕ್ಕೆ ಹಾಕಿ ಹೋದನಂತೆ. ಅಣ್ಣ ಸತ್ತೆ ಅಂದ, ತಂಗಿ ಅಚ್ಚು ಹಾಕಿಸಿದಳು ಎಂದು ನೆಂಟರು ನಕ್ಕರು. ಬೇಕಂತಲೇ ಮಾಡಿದ್ದೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಸಂಧ್ಯಾರಾಣಿ ನಾಚಿಕೆಯಿಂದ ಸತ್ತೇ ಹೋದಳು.

ಮರುಳಪ್ಪ ತಂಗಿಯ ಅಂಗಡಿಗೇ ನುಗ್ಗಿದ. "ಮಾತು ಬಿಟ್ಟಿದ್ದಕ್ಕೆ ಜೀವ ತೆಗೀತೀಯೇನೆ?"

"ಅಜ್ಜಂದು ಬದಲಾಯಿಸಾಕೆ ಹೋದೆ ಅಣ್ಣ, ನಿಂದೂ ಆಗೋತು." ಆಕೆ ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದಳು. ಅವನ ಕಣ್ಣೆದುರೇ ಅವನು ಮತ್ತೊಮ್ಮೆ ಸತ್ತ.

"ಅದ್ಕೇನು ಗೊತ್ತು? ನಿಂಗೆ ಗೊತ್ತಿರ್ಬೇಕಿತ್ತು," ಎಂದು ಹೊರಟವನು ಬಾಗಿಲಲ್ಲಿ ನಿಂತ. "ಮದುವಿಗೆ ಬರ್ತೀನಿ. ನಿನಗೋಸ್ಕರ ಅಲ್ಲ. ಬದುಕೀನಿ ಅಂತ ತೋರಿಸಾಕೆ."

ಬಂದ. ಬೆಳಿಗ್ಗೆಯಿಂದ ಛತ್ರದ ಬಾಗಿಲಲ್ಲೇ ನಿಂತು ಎಲ್ಲರಿಗೂ ದರ್ಶನ ಕೊಟ್ಟ. ಮುದುಕಿಯರು ಅವನ ಕೆನ್ನೆ ಸವರಿ ಕಣ್ಣೊರೆಸಿಕೊಂಡರು. ಅಷ್ಟು ಉಪಚಾರ ಅವನ ಸ್ವಂತ ಮದುವೆಯಲ್ಲೂ ಆಗಿರಲಿಲ್ಲ, ಒಳಗೊಳಗೇ ಖುಷಿಯಾಗಿರಬೇಕು. ಧಾರೆಗೆ ಕರೆದಾಗ ಮಾತ್ರ ಕಂಬದ ಪಕ್ಕ ನಿಂತೇ ಇದ್ದ. ಬಂದ ಕೆಲಸ ಮುಗಿಯಿತು, ಇನ್ನು ಹೋಗುತ್ತಾನೆ ಎಂದು ಸಂಧ್ಯಾರಾಣಿ ತಲೆ ತಗ್ಗಿಸಿದಳು.

ಸ್ವಲ್ಪ ಹೊತ್ತಿಗೆ ಕೈಮೇಲೆ ನೀರು ಬಿತ್ತು. ನೋಡಿದರೆ ಗಿಂಡಿ ಹಿಡಿದವನು ಅಣ್ಣನೇ.

"ತಪ್ಪಾತು ಅಣ್ಣ, ಹೆಸರು ಹಂಗೆ..."

"ಹೆಸರು ಹಾಳಾಗ್ಲಿ," ಎಂದ ಅವನು ಮೆಲ್ಲಗೆ. "ಸತ್ತ ಅಂತ ಓದಿ ಊರಿಗೆ ಊರೇ ನನ್ನ ನೋಡಾಕೆ ಬಂತು. ಎರಡು ವರ್ಷ ಬದುಕಿದ್ದೆ, ನೀನೊಬ್ಳು ಬರ್ಲಿಲ್ಲ."

ಫೋನ್ ಮಾಡಿದ್ದೆನಲ್ಲ ಎನ್ನಲು ಬಾಯಿ ತೆರೆದಳು. ಹೊನ್ನಾಳಿಯಿಂದ ಚನ್ನಗಿರಿಗೆ ದಿನಾ ಬಸ್ಸುಗಳು ಹೋಗುತ್ತಿದ್ದವು, ಆಕೆಯ ಅಂಗಡಿಯ ಪಕ್ಕದಿಂದಲೇ.