ಕರ್ಪೂರ ಸುಟ್ಟ ಅಂಗೈ

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವ್ವ ಅಥಣಿಯ ನಮ್ಮ ಮನೆಯಲ್ಲಿ ಕೆಲವು ದಿನ ಉಳಿದಿದ್ದಳು. ನನ್ನ ಮಗಳಿಗೆ ಕಾಲೇಜಿನ ರಜೆ. ಅವಳು ಟಿವಿಗೆ ಮೊಬೈಲ್ ಜೋಡಿಸಿ ಜಪಾನಿನ ಒಂದು ಅನಿಮೆ ಕಾರ್ಟೂನ್ ನೋಡುತ್ತಿದ್ದಳು. ಕರಿ ಕೋಟಿನ ಬೇಟೆಗಾರರು ಊರೂರು ಸುತ್ತಿ ಮಾಟಗಾತಿಯರನ್ನು ಹುಡುಕಿ ಸುಡುವ ಕಥೆ. ಮಾತೆಲ್ಲ ಹಿಂದಿಯಲ್ಲಿ. ಅವ್ವನಿಗೆ ಮರಾಠಿ ಚೆನ್ನಾಗಿ ಬರುತ್ತದೆ, ಹಿಂದಿ ಅಷ್ಟಕ್ಕಷ್ಟೆ. ಆದರೂ ಕಪ್ಪು ಕನ್ನಡಕ ಹಾಕಿಕೊಂಡು ಮೊಮ್ಮಗಳ ಪಕ್ಕದಲ್ಲೇ ಕೂರುತ್ತಿದ್ದಳು.

ಆ ಮಧ್ಯಾಹ್ನ ನಾನೂ ನನ್ನ ಅತ್ತೆಯೂ ಅಲ್ಲೇ ಶೇಂಗಾ ಸುಲಿಯುತ್ತಿದ್ದೆವು. ಟಿವಿಯಲ್ಲಿ ಒಬ್ಬ ಹೆಂಗಸನ್ನು ಕಂಬಕ್ಕೆ ಕಟ್ಟಿದ್ದರು.

"ಆಕಿ ಏನ್ ಮಾಡ್ಯಾಳಂತ?" ಅವ್ವ ಕೇಳಿದಳು.

"ಮಾಟಗಾತಿ ಅದಾಳ, ಆಯಿ. ಊರಾಗಿನ ಹುಡುಗ್ರನ್ನ ಕೊಂದಾಳ," ಎಂದಳು ಮಗಳು.

"ಯಾರ್ ನೋಡ್ಯಾರ?"

"ಬ್ಯಾಟಿಗಾರಗ ಗೊತ್ತಾಗತೈತಿ. ಅವನ ಕಡೆ ಶಕ್ತಿ ಐತಿ."

"ನಮ್ಮೂರಾಗ ಕರ್ಪೂರ ಹಚ್ಚಿ ನೋಡಿದ್ರು," ಎಂದು ಅವ್ವ ತನ್ನ ಬಲಗೈ ಬಿಚ್ಚಿ ಮಗಳ ಮುಂದೆ ಹಿಡಿದಳು.

ಅಂಗೈ ನಡುವೆ ಚರ್ಮ ಮುದುಡಿ ಹೊಳೆಯುತ್ತದೆ. ಆಲೆಮನೆಯಲ್ಲಿ ಬಿಸಿ ಬೆಲ್ಲ ಬಿದ್ದದ್ದು ಎಂದು ಹೇಳು ಅಂತ ನನ್ನ ಲಗ್ನದ ಮುಂಚೆ ಅವ್ವನೇ ಕಲಿಸಿದ್ದಳು. ನಿಜವೇನೆಂದರೆ, ಅಪ್ಪ ತೀರಿಕೊಂಡ ಮರುವರ್ಷ ಓಣಿಯ ಒಂದು ಕೂಸು ಜ್ವರದಿಂದ ಸತ್ತಿತು. ಅದನ್ನು ಹಿಂದಿನ ದಿನ ಅವ್ವ ಎತ್ತಿ ಆಡಿಸಿದ್ದಳು. ಅಷ್ಟೇ ಸಾಕಾಯಿತು. ಗುಡಿಯ ಮುಂದೆ ನಿಲ್ಲಿಸಿ, ಅಂಗೈಯಲ್ಲಿ ಕರ್ಪೂರ ಉರಿಸಿ, ಮಾಟ ಮಾಡಿಲ್ಲವೆಂದು ಆಣೆ ಮಾಡಿಸಿದರು. ನಾನು ಚಿಕ್ಕವಳು, ಅವಳ ಸೀರೆ ಹಿಡಿದು ನಿಂತಿದ್ದೆ.

ಇಷ್ಟನ್ನೂ ಅವ್ವ ಮೊಮ್ಮಗಳಿಗೆ ಹೊಲದ ಸುದ್ದಿ ಹೇಳಿದಷ್ಟೇ ಸಮಾಧಾನದಿಂದ ಹೇಳಿದಳು. ನಾನು ಮಾತ್ರ ಅವ್ವನ ಕೈ ನೋಡಲಿಲ್ಲ. ಅತ್ತೆಯ ಮುಖ ನೋಡಿದೆ.

"ಸುಮ್ನಿರಬೇ ಅವ್ವಾ," ಎಂದೆ.

"ಯಾಕ ಸುಮ್ನಿರಬೇಕು?" ಅತ್ತೆ ಶೇಂಗಾದ ಬುಟ್ಟಿ ಬದಿಗೆ ಸರಿಸಿದರು. "ನಮಗ ಗೊತ್ತೈತಿ. ಹೆಣ್ಣ ನೋಡಾಕ ಬಂದಾಗ ನಿಮ್ಮ ಓಣಿಯವ್ರ ಹೇಳಿದ್ರು. ನಿಮ್ಮ ಮಾವ ಏನಂದ್ರ ಗೊತ್ತೇನ? ಅಷ್ಟ ಸುಟ್ರೂ ಕೈ ಹಿಂದಕ್ಕ ತಗೀಲಿಲ್ಲಂತ, ಅಂಥಾಕಿ ಮಗಳು ನಮ್ಮನಿಗೆ ಬರ್ಲಿ ಅಂದ್ರು."

ಮಗಳು ಟಿವಿ ನಿಲ್ಲಿಸಿದಳು. ಮನೆಯ ಕಾರ್ಯಗಳಲ್ಲೆಲ್ಲ ಅವ್ವನನ್ನು ಒಳಗೆ ಅಡುಗೆಮನೆಯಲ್ಲೇ ಕೂರಿಸಿದವಳು ನಾನು. ಇದೇ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಅವ್ವ ಕೈ ಚಾಚಿದರೂ ಕೂಸನ್ನು ಬೇರೆಯವರಿಗೆ ಕೊಟ್ಟಿದ್ದೆ. ಅತ್ತೆಯ ಮನೆಯವರು ಏನೆಂದುಕೊಂಡಾರೋ ಎಂಬ ಭಯ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವರಿಗೆ ಭಯವೇ ಇರಲಿಲ್ಲ. ಹಾಗಾದರೆ ಭಯವಿದ್ದದ್ದು ಯಾರಿಗೆ?

ಚಹಾ ಇಡುತ್ತೇನೆಂದು ಎದ್ದು ಹೋದೆ. ಬಹಳ ಹೊತ್ತು ಒಲೆ ಹಚ್ಚದೆ ನಿಂತಿದ್ದೆ. ಹೊರಗೆ ಅವ್ವ, "ಮುಂದ ಹಚ್ಚ, ಆಕಿ ಉಳೀತಾಳೇನ ನೋಡೂಣು," ಎನ್ನುತ್ತಿದ್ದಳು.

ವಾರದ ನಂತರ ಊರಿಗೆ ಹೊರಟ ಅವ್ವನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಜನ ತುಂಬಿದ್ದ ಕಟ್ಟೆಯ ಮೇಲೆ ಅವಳ ಪಕ್ಕ ಕೂತು, ಇಷ್ಟು ವರ್ಷ ಕೇಳದ್ದನ್ನು ಕೇಳಿದೆ: "ಭಾಳ ಉರಿದಿತ್ತೇನಬೇ?"

ಅವ್ವ ರಸ್ತೆಯನ್ನೇ ನೋಡುತ್ತಿದ್ದಳು. "ನೀ ಅಳಾಕತ್ತಿದ್ದಿ," ಎಂದಳು. "ಮತ್ತೇನೂ ನೆಪ್ಪಿಲ್ಲ."