ಉಗುರಿಗೆ ತಡೆಯದ ಪೆನ್ನು

ಇವತ್ತು ಬೆಳಿಗ್ಗೆ ಎದ್ದು ನೀರೊಲೆಗೆ ಬೆಂಕಿ ಹಾಕಿದೆ. ಅಂಗಳ ಗುಡಿಸಿದೆ. ನೆನೆಹಾಕಿದ ಅಕ್ಕಿ ರುಬ್ಬಿದೆ. ಬೂತಾಯಿ ಮೀನು ತೊಳೆದು ಉಪ್ಪು ಸವರಿ ಮುಚ್ಚಿಟ್ಟೆ. ಒಂದು ಪೆನ್ನು ಕಡೆದು ಮುಗಿಸಿದೆ. ಆಮೇಲೆ ಒಳ್ಳೆಯ ಸೀರೆ ಉಟ್ಟು ಮೂಡಬಿದಿರೆಯ ಇಗರ್ಜಿಗೆ ಹೋದೆ. ಪಕ್ಕದ ಮನೆಯ ಬಾಯಮ್ಮ ತೀರಿಕೊಂಡು ಒಂದು ತಿಂಗಳು. ಅವರ ತಿಂಗಳ ಪೂಜೆ. ಪ್ರಾರ್ಥನೆ ನನ್ನ ಬಾಯಿಗೆ ಬರುವುದಿಲ್ಲ. ಎಲ್ಲರೂ ಎದ್ದಾಗ ಎದ್ದೆ, ಕೂತಾಗ ಕೂತೆ. ಉಳಿದ ಹೊತ್ತೆಲ್ಲ ಅವರ ಹೆಬ್ಬೆರಳಿನ ಉಗುರನ್ನೇ ನೆನೆಯುತ್ತಿದ್ದೆ.

ಬೇರೆಲ್ಲ ಉಗುರುಗಳನ್ನು ಬುಡದ ತನಕ ಕತ್ತರಿಸಿ, ಬಲಗೈ ಹೆಬ್ಬೆರಳಿನದನ್ನು ಮಾತ್ರ ಅವರು ಉದ್ದ ಬಿಡುತ್ತಿದ್ದರು. ಅದರ ಸಂದಿಯಲ್ಲಿ ಸದಾ ಬಣ್ಣದ ಪುಡಿ. ಒಂದು ದಿನ ಕೆಂಪು, ಮರುದಿನ ನೀಲಿ. ಅವರು ಮನೆಯಲ್ಲೇ ಪೆನ್ನು ಮಾಡುತ್ತಿದ್ದರು. ಗಟ್ಟಿ ಪ್ಲಾಸ್ಟಿಕ್ಕಿನಂಥ ಅಕ್ರಿಲಿಕ್ ಹಾಳೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಓರೆಗೆ ಕೊಯ್ದು, ನಡುನಡುವೆ ತೆಳ್ಳಗಿನ ಕಪ್ಪು ಪಟ್ಟಿ ಇಟ್ಟು ಅಂಟಿಸಿ, ಒಂದು ದಿನ ಒಣಗಲು ಬಿಟ್ಟು, ಒಳಗೆ ತೂತು ಕೊರೆದು ಹಿತ್ತಾಳೆಯ ಕೊಳವೆ ಕೂರಿಸಿ ಲೇತಿನಲ್ಲಿ ಕಡೆದರೆ ಚಾಪೆಯ ಹೆಣಿಗೆಯಂಥ ಚಿತ್ತಾರದ ಪೆನ್ನು ಬರುತ್ತಿತ್ತು. ಒಂದು ಪೆನ್ನಿಗೆ ಮೂವತ್ತು, ನಲವತ್ತು ತುಂಡು. ಬಾಯಮ್ಮ ಕಣ್ಣು ಮುಚ್ಚಿ ಅದರ ಮೇಲೆ ಉಗುರು ಎಳೆಯುತ್ತಿದ್ದರು. ಎಲ್ಲಾದರೂ ತಡೆದರೆ “ಮತ್ತೆ” ಎನ್ನುತ್ತಿದ್ದರು, ಅಷ್ಟೇ. ಬಸ್ಸಿನ ಕಂಬಿ, ಇಗರ್ಜಿಯ ಬೆಂಚು, ನಾನು ಚಹಾ ಕೊಟ್ಟ ಲೋಟದ ಅಂಚು, ಯಾವುದನ್ನೂ ಆ ಉಗುರು ಬಿಟ್ಟದ್ದಿಲ್ಲ.

ಅವರ ಗಂಡ ಬೆಳ್ತಂಗಡಿಯಲ್ಲಿ ಅಂಗಡಿಗಳಿಗೆ ಅಕ್ರಿಲಿಕ್ ಬೋರ್ಡು ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಂಗಡಿ ಖಾಲಿ ಮಾಡಿ ಉಳಿದ ಹಾಳೆಗಳನ್ನೆಲ್ಲ ಬಾಯಮ್ಮ ಮನೆಗೆ ತಂದರು. ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಒಂದು ಹಳೆಯ ಸಣ್ಣ ಲೇತ್ ತರಿಸಿ, ಹತ್ತಿಪ್ಪತ್ತು ಪೆನ್ನು ಒಡೆದು ಹಾಕಿ, ತಾವೇ ಕಲಿತರು. ನಾನು ಆಗ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದೆ. ಒಂದು ದಿನ ಬಂದು ನನ್ನ ಕೈಯನ್ನೇ ನೋಡುತ್ತ ನಿಂತರು.

“ಬೀಡಿ ಕಟ್ಟುವ ಬೆರಳಿಗೆ ಅಳತೆ ಹೇಳಿಕೊಡ್ಲಿಕ್ಕಿಲ್ಲ. ನಾಳೆಯಿಂದ ನನ್ನಲ್ಲಿಗೆ ಬಾ ಮಾರಾಯ್ತಿ.”

“ನನಗೆ ಮೆಷಿನ್ ಅಂದ್ರೆ ಹೆದರಿಕೆ ಬಾಯಮ್ಮ.”

“ನಿನ್ನ ಸ್ವರ ಕೇಳಿದ್ರೆ ಮೆಷಿನಿಗೇ ಹೆದರಿಕೆ ಆದೀತು. ಬಾ.”

ಹೋದೆ. ತುಂಡು ಜೋಡಿಸಿದೆ, ಅಂಟಿಸಿದೆ, ಉಪ್ಪುಕಾಗದದಲ್ಲಿ ಉಜ್ಜಿದೆ. ಲೇತ್ ಮಾತ್ರ ಮುಟ್ಟಲಿಲ್ಲ. ಅದು ಅವರದ್ದು. ಕಡೆದ ಪೆನ್ನನ್ನು ಅವರು ಎರಡು ದಿನ ಬಿಸಿಲು ಬೀಳುವ ಕಿಟಕಿಯಲ್ಲಿ ಇಡುತ್ತಿದ್ದರು. “ಉಳಿ ತಾಗಿದ್ದಕ್ಕೆ ಪೆನ್ನಿಗೆ ಒಳಗೊಳಗೇ ಸಿಟ್ಟು ಉಂಟು. ಇಳಿಯುವವರೆಗೆ ಥಿನ್ನರ್, ಪೆಟ್ರೋಲ್ ಏನೂ ಮುಟ್ಟಿಸ್ಬಾರದು, ಬಿರುಕು ಬಿಡ್ತದೆ. ಬರೀ ನೀರು,” ಎಂದು ನನಗೆ ನೂರು ಸಲ ಹೇಳಿದ್ದಾರೆ.

ನಾಲ್ಕು ವರ್ಷದ ಹಿಂದೆ ಅವರ ಮಗಳಿಗೆ ಫರಂಗಿಪೇಟೆಯ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ಇಗರ್ಜಿಯಲ್ಲಿ ಮದುಮಕ್ಕಳು ದಫ್ತರಕ್ಕೆ ಸಹಿ ಹಾಕಬೇಕಲ್ಲ, ಆ ಸಹಿ ಅಪ್ಪನ ಅಂಗಡಿಯ ಸ್ವಂತ ಬೋರ್ಡಿನಿಂದ ಮಾಡಿದ ಪೆನ್ನಿನಲ್ಲೇ ಆಗಬೇಕೆಂದು ಬಾಯಮ್ಮನ ಹಟ. ಆ ಕೆಂಪು ಬೋರ್ಡನ್ನು ಅವರು ಅಷ್ಟು ವರ್ಷ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಕಣ್ಣು ಆಗಲೇ ಮಂಜಾಗಿತ್ತು. ಎರಡು ತುಂಡು ಜೋಡಿಸುವಾಗ ಮೂಗು ಹಲಗೆಗೆ ತಾಗುತ್ತಿತ್ತು. ಮಗಳು “ನನಗೆ ಹೊಟ್ಟೆ ಇರುವ ದಪ್ಪ ಪೆನ್ನು ಬೇಕು” ಎಂದಿದ್ದಳು. ಹಾಗೇ ಮಾಡಿದರು. ಕೆಂಪು, ಬಿಳಿ, ನಡುವೆ ಕಪ್ಪು ಗೆರೆ. ನೋಡಿದವರೆಲ್ಲ ಒಮ್ಮೆ ಕೈಗೆ ತೆಗೆದುಕೊಂಡು ನೋಡುವಂತಿತ್ತು.

ಮದುವೆಯ ಹಿಂದಿನ ದಿನ ಬೆಳಿಗ್ಗೆ. ಪೆನ್ನು ಕಡೆದು ಇನ್ನೂ ಎರಡು ದಿನ ತುಂಬಿರಲಿಲ್ಲ. ಸಂಜೆಗೆ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ. ನೆಂಟರು ಬಂದು ಬಂದು ಪೆನ್ನು ಮುಟ್ಟಿ, ಅದರ ಮೇಲೆಲ್ಲ ಎಣ್ಣೆಯ ಬೆರಳಿನ ಗುರುತು. ಕೊರೋನ ಮುಗಿಯುತ್ತಾ ಬಂದಿದ್ದರೂ ಮೇಜಿನ ಮೇಲೆ ಕೈಗೆ ಹಾಕುವ ಸ್ಯಾನಿಟೈಸರ್ ಬಾಟಲಿ ಇನ್ನೂ ಇತ್ತು. ಕೈಗೇ ಏನೂ ಆಗುವುದಿಲ್ಲ, ಪೆನ್ನಿಗೆ ಏನಾಗುತ್ತದೆ ಎಂದುಕೊಂಡು ಸೆರಗಿಗೆ ನಾಲ್ಕು ಹನಿ ಹಾಕಿ ಚೆನ್ನಾಗಿ ಒರೆಸಿಟ್ಟೆ. ಹಾಲು ಹಿಂಡಲು ಕಾಯಿ ತುರಿದು ಬಂದು ನೋಡುತ್ತೇನೆ, ಹಳೆಯ ಪಿಂಗಾಣಿ ತಟ್ಟೆಯ ಹಾಗೆ ಪೆನ್ನಿನ ಮೈತುಂಬ ಕೂದಲೆಳೆಯ ಬಿರುಕು.

ಬಾಯಮ್ಮನನ್ನು ಲೇತಿನ ಕೋಣೆಗೆ ಕರೆದು ತೋರಿಸಿದೆ. ಅಳು ಬಂತು. ಅವರು ಮೂಸಿ ನೋಡಿದರು. ಸ್ಯಾನಿಟೈಸರ್ ವಾಸನೆ. ಆಮೇಲೆ ಉಗುರು ಎಳೆದರು, ಒಂದು ಸಲ, ಮತ್ತೊಂದು ಸಲ.

“ಉಗುರಿಗೆ ತಡೆಯುವುದಿಲ್ಲ. ಮೇಲಿನ ಬಿರುಕು ಮಾತ್ರ. ಅಳುವುದಾದ್ರೆ ನಾಳೆ ಇಗರ್ಜಿಯಲ್ಲಿ ಅಳು, ಅಲ್ಲಿ ಎಲ್ಲರೂ ಅಳ್ತಾರೆ, ಯಾರೂ ಯಾಕೆ ಅಂತ ಕೇಳುವುದಿಲ್ಲ. ಈಗ ಬಾಗಿಲು ಹಾಕಿ ಕೂತುಕೋ.”

“ಎಲ್ಲಿ?”

“ಲೇತಿಗೆ. ಮತ್ತೆಲ್ಲಿ?”

“ನಾನಾ?”

“ಕೂದಲೆಳೆ ದಪ್ಪ ತೆಗೀಬೇಕು. ನನಗೆ ಕೂದಲೇ ಕಾಣುವುದಿಲ್ಲ.”

ಒಳಗಿನ ಸರಂಜಾಮನ್ನು ಒಂದು ಕಂಬಿಯಿಂದ ತಟ್ಟಿ ಹೊರಗೆ ತೆಗೆದು ಪೆನ್ನನ್ನು ಲೇತಿಗೆ ಸಿಕ್ಕಿಸಿಕೊಟ್ಟರು. ಅವರು ಹಿಂದೆ ಸ್ಟೂಲು ಹಾಕಿ ಕೂತು ಕಿವಿ ಕೊಟ್ಟರು. “ಪುಡಿ ಹಾರ್ತದೆ, ಒತ್ತಬೇಡ. ರಿಬ್ಬನ್ನಿನ ಹಾಗೆ ಬರ್ಬೇಕು. ಹಾಂ, ಈಗ ಸರಿ. ನಿಲ್ಲಿಸು, ಬಿಸಿಯಾಯ್ತು, ನೀರು ಹಾಕು.” ಹೊರಗೆ ಯಾರೋ ಬಾಗಿಲು ತಟ್ಟಿದರೆ, “ಮದುವೆ ಮನೆಯಲ್ಲಿ ನನಗೊಂದು ಗಳಿಗೆ ತಲೆನೋವಿಗೂ ಪುರುಸೊತ್ತು ಬೇಡ್ವಾ?” ಎಂದು ಗದರಿಸಿ ಕಳಿಸಿದರು. ಮಧ್ಯಾಹ್ನದ ಊಟ ನಮಗಿಬ್ಬರಿಗೂ ಇಲ್ಲ. ಬಿರುಕು ಎಣಿಸಿದ್ದಕ್ಕಿಂತ ಆಳ ಇತ್ತು, ಪೆನ್ನಿನ ಹೊಟ್ಟೆಯೆಲ್ಲ ಹೋಗಿ ಅದು ಕಡ್ಡಿಯಂತಾಯಿತು. ಆದರೆ ಕೆಂಪು ಪುನಃ ತಿಳಿಯಾಯಿತು. ಒಂದು ತುದಿಯಲ್ಲಿ ಮಾತ್ರ ಎರಡು ಬಿರುಕು ಉಳಿದವು. ಬಾಯಮ್ಮ ಉಗುರು ಎಳೆದು “ಸಾಕು” ಎಂದರು.

ಸಂಜೆ ಮಗಳು ಅದನ್ನು ನೋಡಿ, “ಇದೇನು ಮಮ್ಮಿ, ಇಷ್ಟು ಸಪೂರ?” ಎಂದಳು.

“ನಿನ್ನ ಬೆರಳು ನೋಡು, ನುಗ್ಗೆಕೋಡು. ದಪ್ಪ ಪೆನ್ನು ಹಿಡಿದ್ರೆ ಜಾರಿ ಬಿದ್ದೀತು. ಅದರ ಅಳತೆಗೇ ಪುನಃ ಕಡೆದದ್ದು.”

ಮರುದಿನ ಇಗರ್ಜಿಯಲ್ಲಿ ಪೆನ್ನು ಒಂದೇ ಸಲಕ್ಕೆ ಬರೆಯಿತು. ನಾನು ಹಿಂದಿನ ಬೆಂಚಿನಲ್ಲಿ ಅತ್ತೆ. ಯಾಕೆಂದು ಯಾರೂ ಕೇಳಲಿಲ್ಲ.

ಮದುವೆ ಮುಗಿದ ಸೋಮವಾರ ನಾನು ಅಳುಕುತ್ತಲೇ ಹೋದೆ. ಬಾಯಮ್ಮ ತಮ್ಮ ಕುರ್ಚಿಯನ್ನು ಲೇತಿನಿಂದ ನಾಲ್ಕಡಿ ದೂರ ಹಾಕಿಕೊಂಡಿದ್ದರು. “ಇನ್ನು ಕೈ ನಿನ್ನದು, ಕಿವಿ ನನ್ನದು,” ಎಂದರು. ಹಾಗೆ ನಾಲ್ಕು ವರ್ಷ ನಡೆಯಿತು. ಕೊನೆಗೆ ಜ್ವರ ಬಂದು ಮೂರೇ ದಿನ ಆಸ್ಪತ್ರೆಯಲ್ಲಿದ್ದರು. ಅಲ್ಲೂ ಮಂಚದ ಕಂಬಿಗೆ ಉಗುರು ಎಳೆದು, “ಇದರ ಬೆಸುಗೆ ಸರಿ ಇಲ್ಲ,” ಎಂದರು. ಅದೇ ಕೊನೆಯ ಮಾತು.

ಇವತ್ತು ಪೂಜೆ ಮುಗಿದ ಮೇಲೆ ಮಗಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಅವಳ ಗಂಡ ಗಲ್ಫಿನಲ್ಲಿದ್ದಾನೆ. ಬೀಗ ಹಾಕಿದ ತಾಯಿಯ ಮನೆಯಲ್ಲಿ ಅವಳೊಬ್ಬಳೇ ಮಲಗುವುದು ಬೇಡವೆನಿಸಿತು. ರಾತ್ರಿ ಊಟಕ್ಕೆ ಕೂತಾಗ ಇನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಾರೆ ಎಂದು ಆ ಪೆನ್ನಿನ ಕತೆಯೆಲ್ಲ ಹೇಳಿಬಿಟ್ಟೆ. ಅವಳ ಕೈ ತಟ್ಟೆಯಲ್ಲೇ ನಿಂತಿತು.

“ನಾಲ್ಕು ವರ್ಷ ಅತ್ತೆಯ ಹತ್ತಿರ, ನಾದಿನಿಯ ಹತ್ತಿರ ಹೇಳಿಕೊಂಡು ತಿರುಗಿದ್ದೇನೆ ಅಕ್ಕ, ಮಮ್ಮಿ ನನ್ನ ಬೆರಳಿನ ಅಳತೆಗೆ ಮಾಡಿದ್ದು ಅಂತ!”

ನಾನು ತಲೆ ತಗ್ಗಿಸಿದೆ. ನನ್ನ ಗಂಡ ನೀರಿನ ಚೊಂಬು ಅತ್ತಿತ್ತ ಸರಿಸಿದರು. ಅವಳು ಮೂಗು ಒರೆಸಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ, ಅರ್ಧ ನಗು.

“ನನಗೆ ಆ ದಪ್ಪದ್ದೇ ಬೇಕು. ಮಾಡಿಕೊಡಿ.”

“ನಾಳೆಗೆ ಆಗುವುದಿಲ್ಲ. ಅಂಟು ಒಣಗಲಿಕ್ಕೇ ಒಂದು ದಿನ ಬೇಕು, ಕಡೆದ ಮೇಲೆ ಬಿಸಿಲಿಗೆ ಎರಡು ದಿನ.”

“ಆಗ್ಲಿ, ಅಷ್ಟು ದಿನ ಇಲ್ಲೇ ಇರ್ತೇನೆ. ಪುಳಿಮುಂಚಿ ಇನ್ನೂ ಉಂಟಾ?”

ಇತ್ತು. ನೀರುದೋಸೆ, ಹುಳಿಖಾರದ ಬೂತಾಯಿ ಪುಳಿಮುಂಚಿ, ಕೊನೆಗೆ ಒಂದೊಂದು ಬಾಳೆಹಣ್ಣು. ಅವಳು ಆರು ದೋಸೆ ತಿಂದಳು. ನಾನು ಪಾತ್ರೆ ತೊಳೆದು ಬರುವಾಗ ನನ್ನ ಗಂಡ ಇನ್ನೂ ವಾರ್ತೆ ನೋಡುತ್ತಿದ್ದರು. ಮೊದಲು ನಿದ್ದೆ ಹೋದವಳು ಅವಳೇ.